ಹೆಸರು ನನ್ನದು, ಬೆರಳು ಅವಳದು

ಆಪ್ತಸಲಹೆ ನನ್ನ ಕೆಲಸ. ವಸಂತಾ ನನ್ನ ಹತ್ತಿರ ಬಂದಿದ್ದು ರಾಜೀನಾಮೆ ಪತ್ರ ತೋರಿಸೋಕೆ. ಇದು ಅವರ ನಿಜವಾದ ಹೆಸರಲ್ಲ. ಊರು, ವಯಸ್ಸು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಪತ್ರ ಕೈಬರಹದಲ್ಲಿತ್ತು. ಎಷ್ಟು ಅಚ್ಚುಕಟ್ಟಾದ ಅಕ್ಷರ ಅಂದರೆ, ಒಂದು ಕ್ಷಣ ಅದರಲ್ಲಿ ಏನಿದೆ ಅನ್ನೋದನ್ನ ಬಿಟ್ಟು ಅಕ್ಷರವನ್ನೇ ನೋಡುತ್ತಾ ಕೂತೆ.

ವಯಸ್ಸು 50ರ ಹತ್ತಿರ. ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಬೆಳಿಗ್ಗೆ ಮಾತು ತಡವಾದ ಮಕ್ಕಳು, ಮಧ್ಯಾಹ್ನ ವಾರ್ಡಿನಲ್ಲಿ ಸ್ಟ್ರೋಕ್ ಆದವರು. ಸ್ಪೀಚ್ ಥೆರಪಿಸ್ಟ್ ಅಂದರೆ ಮಾತು ಕಲಿಸೋರು ಅಷ್ಟೇ ಅಂದುಕೊಂಡಿರುತ್ತೇವೆ, ಆದರೆ ನುಂಗೋಕೆ ಕಷ್ಟಪಡುವವರನ್ನೂ ನೋಡೋರು ಇವರೇ. ಯಾರಿಗೆ ನೀರು ಕೊಡಬಹುದು, ಯಾರಿಗೆ ಗಂಜಿಯ ಹದದ್ದೇ ಆಗಬೇಕು ಅಂತ ಹೇಳೋರು ಇವರು. ಈ ಕಥೆಯ ಕಷ್ಟವೆಲ್ಲ ಅಲ್ಲೇ ಇದೆ.

ಆಸ್ಪತ್ರೆ ಕಾಗದದ ನೋಟ್ಸ್ ನಿಲ್ಲಿಸಿ ಸಾಫ್ಟ್‌ವೇರ್ ತಂದು ಏಳು ತಿಂಗಳಾಗಿತ್ತು. ಕಾರಣ ಎಲ್ಲರಿಗೂ ಗೊತ್ತಿರೋದೇ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಲ್ಲಿ ಶುರುವಾಯಿತು, ರೋಗಿಗಳು ಆಭಾ ಅನ್ನೋ ಆರೋಗ್ಯ ಖಾತೆಯ 14 ಅಂಕಿಯ ನಂಬರ್ ಹಿಡಿದು ಬರತೊಡಗಿದರು, ಇನ್ಶೂರೆನ್ಸ್‌ನವರಿಗೂ ಎಲ್ಲ ಸ್ಕ್ರೀನಿನಲ್ಲೇ ಬೇಕು. ತರಬೇತಿ ಅಂತ ಒಂದೂವರೆ ದಿನ ಕೊಟ್ಟರು. ಅದರಲ್ಲಿ ಅರ್ಧ ದಿನ ಪ್ರೊಜೆಕ್ಟರ್ ಸರಿ ಮಾಡೋದರಲ್ಲೇ ಹೋಯಿತಂತೆ.

ವಸಂತಾ ಟೈಪ್ ಮಾಡೋದು ಎರಡು ಬೆರಳಲ್ಲಿ. ಹಾಗಾಗಿ ಹಗಲೆಲ್ಲ ಲಾಂಗ್ ಬುಕ್ಕಿನಲ್ಲಿ ಬರೆದುಕೊಂಡು, ಸಂಜೆ ಆರರ ಮೇಲೆ ಕೂತು ಅದನ್ನೇ ಟೈಪ್ ಮಾಡುತ್ತಿದ್ದರು. ಮನೆ ಸೇರುವಾಗ ರಾತ್ರಿ ಒಂಬತ್ತು. "ನನಗೆ ವಯಸ್ಸಾಯಿತು, ತಲೆಗೆ ಹತ್ತುತ್ತಿಲ್ಲ" ಅನ್ನೋ ಮಾತನ್ನ ಮೊದಲ ಭೇಟಿಯಲ್ಲೇ ನಾಲ್ಕೈದು ಸಲ ಹೇಳಿದರು.

ಇಲ್ಲಿ ನನ್ನ ತಪ್ಪೂ ಒಂದಿದೆ. ನಾನು ಆ ಮಾತನ್ನ ನಂಬಿಬಿಟ್ಟೆ. ಟೈಪಿಂಗ್ ಅಭ್ಯಾಸ ಮಾಡಿ, ದಿನಾ 15 ನಿಮಿಷ ಸಾಕು, ನಿದ್ದೆ ಸರಿ ಮಾಡಿಕೊಳ್ಳಿ ಅಂತ ಕಳಿಸಿದೆ. ಯಾರು ಬೇಕಾದರೂ ಕೊಡುವ ಸಲಹೆ. ಎರಡನೇ ಭೇಟಿಗೆ ಬಂದಾಗ ಟೈಪಿಂಗ್ ಸ್ವಲ್ಪ ಚುರುಕಾಗಿತ್ತು, ಆದರೆ ಮುಖ ಇನ್ನೂ ಬಾಡಿತ್ತು.

ಆಗ ಸುಮ್ನೆ ಕೇಳಿದೆ, ಪೆನ್ನಿನಲ್ಲಿ ಬರೆಯುವಾಗ ಏನಾಗುತ್ತಿತ್ತು, ಒಂದು ಸೆಷನ್ ಪೂರ್ತಿ ಹೇಳಿ ಅಂತ. ಸ್ಟ್ರೋಕ್ ಆಗಿ ಮಾತು ಹೋದ ಒಬ್ಬರು ಮೇಷ್ಟ್ರ ಬಗ್ಗೆ ಹೇಳಿದರು. ಏನು ಕೇಳಿದರೂ ಅವರು "ಅದೇ ಅದೇ" ಅಂತಿದ್ದರು. ವಸಂತಾ ಲೋಟ ತೋರಿಸುತ್ತಾರೆ, ಅವರು "ಅದೇ ಅದೇ" ಅಂತಾರೆ, ಇವರು ತಲೆ ತಗ್ಗಿಸಿ ಅದನ್ನ ಬರೆದುಕೊಳ್ಳುತ್ತಾರೆ. ಬರೆದು ಮುಗಿಸೋ ಅಷ್ಟರಲ್ಲಿ, ಎಂಟು ಹತ್ತು ಸೆಕೆಂಡಿನಲ್ಲಿ, ಆ ಕಡೆಯಿಂದ ಮೆಲ್ಲಗೆ "ಲೋ... ಲೋಟ" ಬರುತ್ತಿತ್ತು. ಮಾತು ಕಳೆದುಕೊಂಡವರಿಗೆ ಪದ ಹುಡುಕೋಕೆ ಸಮಯ ಬೇಕು, ಅದು ಥೆರಪಿಸ್ಟ್‌ಗಳಿಗೆಲ್ಲ ಗೊತ್ತು. ಆದರೆ ಮುಖ ನೋಡುತ್ತಾ ಸುಮ್ಮನೆ ಕಾಯೋದು ಬಹಳ ಕಷ್ಟ, ಅರ್ಧಕ್ಕೇ ನಾವೇ ಪದ ಹೇಳಿಕೊಟ್ಟುಬಿಡುತ್ತೇವೆ. ವಸಂತಾ ಕಾಯುತ್ತಿದ್ದಿದ್ದು ಪೆನ್ನಿನಿಂದ. ಈಗ ಕಂಪ್ಯೂಟರ್ ಮೂಲೆಯಲ್ಲಿದೆ, ಟೈಪ್ ಮಾಡಬೇಕಾದರೆ ರೋಗಿಗೆ ಬೆನ್ನು ಹಾಕಬೇಕು. ಬೆನ್ನು ನೋಡಿಕೊಂಡು ಯಾರು ಪದ ಹುಡುಕುತ್ತಾರೆ?

ಮಕ್ಕಳದ್ದು ಇನ್ನೊಂದು ಥರ. ಮಗು "ಕಾಗೆ" ಅನ್ನೋಕೆ "ತಾದೆ" ಅಂದರೆ ಅದನ್ನ ಹಾಗೇ ಕನ್ನಡದಲ್ಲಿ ಮಾರ್ಜಿನ್‌ನಲ್ಲಿ ಬರೆದಿಡುತ್ತಿದ್ದರು. ಮೂರು ತಿಂಗಳ ಮೇಲೆ ಅದೇ ಮಗು "ಕಾದೆ" ಅಂದರೆ ಹಿಂದಿನ ಪುಟ ತಿರುಗಿಸಿ ಅಮ್ಮನಿಗೆ ತೋರಿಸುತ್ತಿದ್ದರು, ನೋಡಿ, ಕ ಬಂತು, ಇನ್ನು ಗ ಒಂದು. ಸ್ಕ್ರೀನಿನಲ್ಲಿ ಇದಕ್ಕಿರೋದು ಒಂದು ಡ್ರಾಪ್‌ಡೌನ್. ಅದರಲ್ಲಿ "ಸಬ್‌ಸ್ಟಿಟ್ಯೂಷನ್ ಎರರ್" ಅನ್ನೋದನ್ನ ಆರಿಸಿ ಮುಂದೆ ಹೋಗಬೇಕು. ಮಗುವಿನ ಬಾಯಿಂದ ಬಂದ ಮಾತೇ ಮಾಯ.

ಇಷ್ಟಾದರೂ ರಾಜೀನಾಮೆ ಕೊಡುವಷ್ಟು ದೊಡ್ಡದೇನೋ ಇದಲ್ಲ ಅಂತ ನನಗೆ ಅನ್ನಿಸುತ್ತಲೇ ಇತ್ತು. ಮೂರನೇ ಭೇಟಿಯಲ್ಲಿ ಹೊರಗೆ ಬಂತು.

ಕೆಲಸ ತಲೆ ಮೇಲೆ ಬಂದಾಗ ವಸಂತಾ ಲಾಂಗ್ ಬುಕ್ಕಿನ ಪುಟದ ಫೋಟೋ ತೆಗೆದು ಜೂನಿಯರ್ ಹುಡುಗಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು, ಅವಳು ಇವರದೇ ಪಾಸ್‌ವರ್ಡ್ ಹಾಕಿ ಟೈಪ್ ಮಾಡುತ್ತಿದ್ದಳು. ಇದು ಎರಡು ತಿಂಗಳಿಂದ ನಡೆದಿತ್ತು. ಒಂದು ಗುರುವಾರ ವಾರ್ಡಿನಲ್ಲಿ ಒಬ್ಬ ಹಿರಿಯರಿಗೆ ಚಮಚದಲ್ಲಿ ನೀರು ಕೊಟ್ಟು ನೋಡಿದಾಗ ಕೆಮ್ಮು ಬಂತು, ದನಿ ಗೊರಗೊರ ಅಂತು, ಅಂದರೆ ನೀರು ಶ್ವಾಸನಾಳದ ಕಡೆ ಹೋಗುತ್ತಿರಬಹುದು. ಎರಡು ದಿನದ ಹಿಂದೆ ಅವರೇ ಚೆನ್ನಾಗಿ ಕುಡಿದಿದ್ದರು. ವಸಂತಾ ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದರು, ನೀರು, ಕಾಫಿ ಬೇಡ, ಗಂಜಿ ಹದ ಮಾತ್ರ. ಫೋಟೋ ಕಳಿಸಿದರು. ಜೂನಿಯರ್ ಮಂಗಳವಾರದ ನೋಟ್ ಕಾಪಿ ಮಾಡಿ, ದಿನಾಂಕ ಬದಲಿಸಿ ಸೇವ್ ಮಾಡಿದಳು. ಊಟ ಆದ ಮೇಲೆ ಉಳಿದದ್ದು ತಿದ್ದೋಣ ಅಂದುಕೊಂಡಿದ್ದಳು, ಅಷ್ಟರಲ್ಲಿ ಯಾರೋ ಕರೆದರು. ಸಂಜೆ ಡ್ಯೂಟಿಗೆ ಬಂದ ನರ್ಸ್ ಸ್ಕ್ರೀನ್ ನೋಡಿದರು. ಅಲ್ಲಿ ತೆಳು ದ್ರವ ಕೊಡಬಹುದು ಅಂತಿತ್ತು. ಕಾಫಿ ಕೊಟ್ಟರು.

ಕೆಮ್ಮು ನಿಲ್ಲಲಿಲ್ಲ. ಗಂಟಲಿನಲ್ಲಿ ಸಿಕ್ಕಿದ್ದನ್ನ ಹೀರಿ ತೆಗೆಯೋಕೆ ಸಕ್ಷನ್ ಹಾಕಬೇಕಾಯಿತು, ಎಕ್ಸ್‌ರೇ ತೆಗೆದರು. ದೇವರ ದಯೆ, ಎದೆ ಸರಿಯಾಗಿತ್ತು, ವಾರದಲ್ಲಿ ಮನೆಗೂ ಹೋದರು. ಸ್ಟ್ರೋಕ್ ರೋಗಿಗೆ ಹೀಗಾಗೋದು ಇದ್ದದ್ದೇ ಅಂತ ಯಾರೂ ಏನೂ ಕೇಳಲಿಲ್ಲ. ಆ ನೋಟಿನ ಕೆಳಗೆ ವಸಂತಾ ಹೆಸರಿತ್ತು. "ಹೆಸರು ನನ್ನದು, ಬೆರಳು ಅವಳದು, ಕಾಫಿ ಕುಡಿಸಿದ್ದು ಇನ್ನೊಬ್ಬರು. ಯಾರ ಮೇಲೆ ಸಿಟ್ಟು ಮಾಡಲಿ?" ಅಂದರು. ಆಮೇಲೆ ತುಂಬ ಹೊತ್ತು ಅತ್ತರು.

ಅವರು ನನ್ನನ್ನ ನಿಜವಾಗಿ ಕೇಳಬೇಕು ಅಂತಿದ್ದ ಪ್ರಶ್ನೆ ಬೇರೆ ಇತ್ತು. ಈಗ ಹೋಗಿ ಆ ನೋಟ್ ಸದ್ದಿಲ್ಲದೆ ಸರಿ ಮಾಡಿಬಿಡಲಾ?

ಬೇಡ ಅಂದೆ. ಸಾಮಾನ್ಯವಾಗಿ ನಾನು ಇಷ್ಟು ನೇರವಾಗಿ ಹೇಳೋದಿಲ್ಲ, ಬಂದವರೇ ದಾರಿ ಹುಡುಕಲಿ ಅಂತ ಬಿಡುತ್ತೇನೆ. ಇದು ಹಾಗೆ ಬಿಡುವ ವಿಷಯ ಅಲ್ಲ. ಕಾಗದದಲ್ಲಿ ತಪ್ಪಾದರೆ ನೀವೇನು ಮಾಡುತ್ತಿದ್ದಿರಿ ಅಂತ ಕೇಳಿದೆ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಸಹಿ, ತಾರೀಖು. ವೈಟ್‌ನರ್ ಹಚ್ಚುತ್ತಿದ್ದಿರಾ? ಛೆ, ಇಲ್ಲ. ಇಲ್ಲೂ ಅಷ್ಟೇ ಅಲ್ವಾ. ಸದ್ದಿಲ್ಲದೆ ತಿದ್ದೋದು ವೈಟ್‌ನರ್ ಹಚ್ಚಿದ ಹಾಗೆ, ಅದೂ ಪಾರದರ್ಶಕ ವೈಟ್‌ನರ್, ಯಾಕೆಂದರೆ ಇಂಥ ಸಾಫ್ಟ್‌ವೇರ್ ಯಾರು ಎಷ್ಟು ಗಂಟೆಗೆ ಏನು ಬದಲಿಸಿದರು ಅಂತ ಹಿಂದೆ ದಾಖಲೆ ಇಟ್ಟುಕೊಂಡಿರುತ್ತೆ. ಹಳೆಯ ನೋಟನ್ನ ಮುಟ್ಟದೆ, ಇವತ್ತಿನ ತಾರೀಖಿನಲ್ಲಿ ಅಡೆಂಡಮ್, ಅಂದರೆ ಪೂರಕ ಟಿಪ್ಪಣಿ ಸೇರಿಸಿ, ಗುರುವಾರ ನೋಡಿದ್ದು ಇದು, ದಾಖಲಾಗಿದ್ದು ಅದು ಅಂತ ಬರೆಯಿರಿ. ಅದಕ್ಕೂ ಮೊದಲು ವಿಭಾಗದ ಹೆಡ್‌ಗೆ ಬಾಯಿಬಿಟ್ಟು ಹೇಳಿ, ಮನೆಯವರಿಗೆ ತಿಳಿಸೋದು ಹೇಗೆ ಅಂತ ಅವರ ಜೊತೆಯೇ ತೀರ್ಮಾನ ಮಾಡಿ.

ಹೇಳುವಾಗ ಮೊದಲ ವಾಕ್ಯ ಯಾವುದಿರಬೇಕು ಅನ್ನೋದನ್ನ ನಾವು ಅರ್ಧ ಗಂಟೆ ಅಭ್ಯಾಸ ಮಾಡಿದೆವು. ಅವರ ಮೊದಲ ಪ್ರಯತ್ನ "ನಮ್ಮ ಜೂನಿಯರ್ ಕಾಪಿ ಪೇಸ್ಟ್ ಮಾಡಿ..." ಅಂತ ಶುರುವಾಯಿತು. ಎರಡನೆಯದು "ಈ ಸಾಫ್ಟ್‌ವೇರ್ ಬಂದಾಗಿನಿಂದ..." ಅಂತ. ಐದೋ ಆರೋ ಸಲಕ್ಕೆ "ನಾನು ನನ್ನ ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟಿದ್ದೆ" ಅನ್ನೋದು ಬಂತು. ಅಲ್ಲಿಗೆ ನಿಲ್ಲಿಸಿದೆವು.

ಅವರಿಗೆ ಇನ್ನೊಂದು ಭಯವೂ ಇತ್ತು. ಆಸ್ಪತ್ರೆಯ ಸರ್ಕ್ಯುಲರ್‌ನಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೆಸರು ಹಾಕಿ 250 ಕೋಟಿ ದಂಡ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಪಾಪ, ಮನೆ ಮಾರಿದರೂ ಆಗಲ್ಲ ಅಂತ ಲೆಕ್ಕ ಹಾಕಿದ್ದರಂತೆ. ಅದು ಮಾಹಿತಿಗೆ ಸರಿಯಾದ ರಕ್ಷಣೆ ಕೊಡದ ಸಂಸ್ಥೆಗೆ ಹಾಕಬಹುದಾದ ಗರಿಷ್ಠ ದಂಡ, ಥೆರಪಿಸ್ಟ್ ತಪ್ಪು ಟೈಪ್ ಮಾಡಿದ್ದಕ್ಕಲ್ಲ ಅಂತ ವಿವರಿಸಿದೆ. ಆದರೆ ರೋಗಿಯ ಹೆಸರಿರೋ ಪುಟ ವಾಟ್ಸಾಪ್‌ನಲ್ಲಿ ಓಡಾಡೋದು ಕಾನೂನು ಇರಲಿ ಬಿಡಲಿ ತಪ್ಪೇ, ಇವತ್ತೇ ನಿಲ್ಲಿಸಿ ಅಂದೆ.

ನನ್ನನ್ನ ಜಾಸ್ತಿ ಕಾಡಿದ್ದು ಬೇರೆ. ಹಳೆಯ ದಿನಗಳಲ್ಲಾಗಿದ್ದರೆ ಆ ನರ್ಸ್‌ಗೆ ವಿಷಯ ಹೇಗೆ ಗೊತ್ತಾಗುತ್ತಿತ್ತು ಅಂತ ಕೇಳಿದೆ. ವಸಂತಾ ಯೋಚಿಸಿ ಹೇಳಿದರು. ಕೇಸ್ ಶೀಟ್ ಇರುತ್ತಿದ್ದಿದ್ದು ನರ್ಸಿಂಗ್ ಸ್ಟೇಷನ್‌ನಲ್ಲಿ. ಬರೆಯಬೇಕಾದರೆ ಅಲ್ಲಿಗೇ ಹೋಗಬೇಕು. ಹೋದ ಮೇಲೆ "ಸಿಸ್ಟರ್, ಆ ಎಂಟನೇ ಬೆಡ್ ತಾತಂಗೆ ಇವತ್ತು ನೀರು ಕೊಡಬೇಡಿ" ಅಂತ ಅನ್ನದೆ ಬರೋಕಾಗುತ್ತಾ? ಈಗ ನೋಟ್ ತನ್ನ ರೂಮಿನಿಂದಲೇ ಹೋಗುತ್ತೆ. ಆ ನಡಿಗೆ ತಪ್ಪಿತು, ಅದರ ಜೊತೆ ಮಾತೂ ತಪ್ಪಿತು. ಪೆನ್ನಿನ ಜೊತೆ ಕಾಯೋದು ಹೋದ ಹಾಗೇ. ಯಾವ ತರಬೇತಿಯಲ್ಲೂ ಯಾರೂ ಇದನ್ನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಯಾಕೆಂದರೆ ಅದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ.

ಹಾಗಾಗಿ ಮುಂದಿನ ಎರಡು ಭೇಟಿ ಅವನ್ನ ವಾಪಸ್ ತರೋದಕ್ಕೇ ಹೋಯಿತು. ನುಂಗುವ ವಿಷಯದಲ್ಲಿ ಏನೇ ಬದಲಾದರೂ ಮೊದಲು ಸ್ಟೇಷನ್‌ಗೆ ನಡೆದುಹೋಗಿ ಹೇಳೋದು, ಬೆಡ್ ಮೇಲಿನ ಬೋರ್ಡಿನಲ್ಲಿ ಬರೆಯೋದು, ಆಮೇಲೆ ಸ್ಕ್ರೀನ್, ಅದರಲ್ಲಿ "ಡ್ಯೂಟಿ ನರ್ಸ್‌ಗೆ ಹೇಳಿದ್ದೇನೆ, ಸಮಯ ಇಷ್ಟು" ಅಂತ ಒಂದು ಸಾಲು. ಸೆಷನ್‌ನಲ್ಲಿ ಪೆನ್ನು ಇರಲಿ, ಹೆಸರಿಲ್ಲದ ಸ್ಕೋರ್ ಚೀಟಿ ಮೇಲೆ ಸರಿ ತಪ್ಪು ಗುರುತು ಹಾಕುತ್ತಾ ಕಾಯಲಿ. 30 ನಿಮಿಷದ ಸ್ಲಾಟ್‌ನಲ್ಲಿ ಕೊನೆಯ ಆರು ನಿಮಿಷ ರೋಗಿ ಎದುರಿಗೇ ಟೈಪ್ ಮಾಡೋದು, ಸ್ಕ್ರೀನ್ ಅವರಿಗೂ ಕಾಣೋ ಹಾಗೆ. ಇದಕ್ಕೆ ಮೇಜು ತಿರುಗಿಸಬೇಕಿತ್ತು. ಮೇಜು ತಿರುಗಿಸೋಕೆ ಉದ್ದದ ಕೇಬಲ್ ಬೇಕಿತ್ತು, ಆ ಕೇಬಲ್ ಮಂಜೂರಾಗೋಕೆ ಮೂರು ವಾರ ಹಿಡಿಯಿತು. ಹಿಂದಿನ ನೋಟನ್ನ ಹಾಗೇ ಎತ್ತಿ ತರುವ ಕಾಪಿ ಫಾರ್ವರ್ಡ್ ಬಟನ್ ಬಗ್ಗೆ ನನ್ನ ಅಭಿಪ್ರಾಯ ಕಠಿಣ. ವಿಳಾಸ, ಹಳೆಯ ಕಾಯಿಲೆ ಕಾಪಿ ಆಗಲಿ, ಇವತ್ತು ಕಣ್ಣಾರೆ ಕಂಡದ್ದು ಮಾತ್ರ ಪ್ರತಿ ಸಲ ಹೊಸದಾಗಿ ಬರೆಯಬೇಕು, ಎರಡೇ ಸಾಲಾದರೂ ಸರಿ.

ಡ್ರಾಪ್‌ಡೌನ್ ಕೆಳಗೆ ರಿಮಾರ್ಕ್ಸ್ ಅಂತ ಒಂದು ಖಾಲಿ ಡಬ್ಬಿ ಇತ್ತು. ಅಲ್ಲಿ ಕನ್ನಡ ಬರೆದು ನೋಡಿದ್ದೀರಾ ಅಂದೆ. ಕನ್ನಡ ಬರಲ್ಲ ಅಂತ ಅವರೇ ಅಂದುಕೊಂಡುಬಿಟ್ಟಿದ್ದರು, ಏಳು ತಿಂಗಳು ಯಾರನ್ನೂ ಕೇಳಿರಲಿಲ್ಲ. ಮಾರನೇ ದಿನ ಐಟಿ ಹುಡುಗ ಬಂದು ಕೀಬೋರ್ಡ್ ಭಾಷೆ ಸೇರಿಸಿಕೊಟ್ಟ. ಸಂಜೆ ನನಗೊಂದು ಮೆಸೇಜ್ ಬಂತು. "ತಾದೆ" ಅಂತ ಮಾತ್ರ ಇತ್ತು.

ಹೆಡ್ ಬೈದರು, ಲಿಖಿತ ಎಚ್ಚರಿಕೆ ಕೊಟ್ಟರು, ಆಮೇಲೆ ಇಡೀ ವಿಭಾಗದಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುತ್ತಿದ್ದಿದ್ದು ಇವರೊಬ್ಬರೇ ಅಲ್ಲ ಅನ್ನೋದು ಹೊರಬಂತು. ಹಿರಿಯರ ಮಗನಿಗೆ ವಸಂತಾ ಮತ್ತು ಹೆಡ್ ಇಬ್ಬರೂ ಕೂತು ವಿಷಯ ಹೇಳಿದರು. ಅವನು ಕೂಗಾಡಿದ, ಎದ್ದು ಹೋದ. ಎರಡು ದಿನ ಬಿಟ್ಟು ತಂದೆಯನ್ನ ಫಾಲೋಅಪ್‌ಗೆ ಕರೆತಂದ, ಇವರ ಹತ್ತಿರವೇ. ಜೂನಿಯರ್ ಜೊತೆ ಮಾತು ಇನ್ನೂ ಸರಿಹೋಗಿಲ್ಲ. ಅವಳಿಗೂ ಯಾರಾದರೂ ಆಪ್ತಸಲಹೆಗಾರರು ಸಿಗಲಿ ಅಂತ ನನ್ನ ಆಸೆ, ಅವಳು ಒಪ್ಪಿಲ್ಲ.

ರಾಜೀನಾಮೆ ಪತ್ರ ಏನಾಯಿತೋ ನಾನು ಕೇಳಲಿಲ್ಲ. ಮನೆಯ ಬೀರುವಿನಲ್ಲಿ 14 ಲಾಂಗ್ ಬುಕ್ಕುಗಳಿದ್ದವು, ಅವು ರೋಗಿಗಳ ದಾಖಲೆ, ಆಸ್ಪತ್ರೆಗೆ ಸೇರಬೇಕು ಅಂದಾಗ ಮಾತ್ರ ನನ್ನ ಮೇಲೆ ನಿಜಕ್ಕೂ ಸಿಟ್ಟಾದರು. ಕೊನೆಗೆ ಆಟೋದಲ್ಲಿ ತೆಗೆದುಕೊಂಡು ಹೋಗಿ ರೆಕಾರ್ಡ್ ರೂಮಿಗೆ ಕೊಟ್ಟರು. ಅದರಲ್ಲಿ ಎರಡು ಪುಟದ ಜೆರಾಕ್ಸ್ ಕೇಳಿದರಂತೆ, ಆ ಮೇಷ್ಟ್ರು ಮೊದಲ ಸಲ "ಲೋಟ" ಅಂದ ದಿನದ್ದು. ಕೊಡಲ್ಲ ಅಂದರು. ಕೊಡದಿದ್ದದ್ದು ಸರಿ ಅಂತ ನಾನೂ ಹೇಳಿದೆ. ಅವರು ಇನ್ನೂ ಒಪ್ಪಿಲ್ಲ.