ಅಮೆರಿಕದಲ್ಲಿರುವ ಸ್ಕಾಟಿಷ್ ಮೂಲದವರ ಕ್ಲ್ಯಾನ್ ಸೊಸೈಟಿಗಳು ಏನು ಮಾಡುತ್ತವೆ?

ಕ್ಲ್ಯಾನ್ ಅಂದರೆ ಮನೆತನ. ಸ್ಕಾಟ್ಲೆಂಡಿನ ಹಳೆಯ ಭಾಷೆ ಗೇಲಿಕ್‌ನಲ್ಲಿ ಆ ಪದಕ್ಕೆ 'ಮಕ್ಕಳು' ಎಂದೇ ಅರ್ಥ. ಆದರೆ ರಕ್ತಸಂಬಂಧವೇ ಬೇಕು ಅಂತಿಲ್ಲ. ಹಿಂದೆ ಆ ಮನೆತನದ ಆಶ್ರಯದಲ್ಲಿದ್ದ ಬೇರೆ ಹೆಸರಿನ ಕುಟುಂಬಗಳೂ ಅದಕ್ಕೇ ಸೇರುತ್ತವೆ. ಸೊಸೈಟಿಗಳು ವಂಶಾವಳಿ ಹುಡುಕಲು ನೆರವಾಗುತ್ತವೆ, ದೂರದೂರ ಇರುವವರನ್ನು ಒಂದೆಡೆ ಸೇರಿಸುತ್ತವೆ.

ಆ ಕೂಟಗಳಲ್ಲಿ ಉಡುವ ಕಿಲ್ಟ್, ಅಂದರೆ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಚೌಕುಳಿಯ ನೆರಿಗೆ ಉಡುಪು, ಸುಮ್ನೆ ವೇಷ ಅಲ್ಲ. ಸರ್ಕಾರದ ವಿರುದ್ಧ ಬಂಡೆದ್ದವರು 1746ರ ಕಲೊಡನ್ ಯುದ್ಧದಲ್ಲಿ ಸೋತ ನಂತರ, ಬ್ರಿಟಿಷ್ ಸರ್ಕಾರ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆ) ಉಡುಪನ್ನೇ ನಿಷೇಧಿಸಿತು. ಆ ಕಾಯ್ದೆ ರದ್ದಾಗಿದ್ದು 1782ರಲ್ಲಿ. ಮೊಮ್ಮಕ್ಕಳಿಗೆ ಅದನ್ನು ಅಷ್ಟು ಪ್ರೀತಿಯಿಂದ ಉಡಿಸುವುದು ಸಹಜ ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ನಾರ್ತ್ ಕೆರೊಲಿನಾದ ಗ್ರ್ಯಾಂಡ್‌ಫಾದರ್ ಮೌಂಟನ್ ಹೈಲ್ಯಾಂಡ್ ಗೇಮ್ಸ್. ಶುರುವಾಗಿದ್ದು 1956ರಲ್ಲಿ, ಈಗ ಜುಲೈನಲ್ಲಿ ನಡೆಯುತ್ತದೆ. ಮೊದಲ ಸಂಜೆ ಒಂದೊಂದು ಮನೆತನದ ಪ್ರತಿನಿಧಿ ಪಂಜಿನ ಬೆಳಕಿನಲ್ಲಿ ಮುಂದೆ ಬಂದು, ತಮ್ಮವರು ಬಂದಿದ್ದಾರೆ ಎಂದು ಸಾರುತ್ತಾರೆ. ಆಮೇಲಿನ ದಿನಗಳಲ್ಲಿ ಕ್ಲ್ಯಾನ್ ಟೆಂಟುಗಳು, ಬ್ಯಾಗ್‌ಪೈಪ್, ಕುಣಿತ. ಕೇಬರ್ ಎಂಬ ಆಟವೂ ಇದೆ. ಉದ್ದನೆಯ ಮರದ ದಿಮ್ಮಿಯನ್ನು ನೆಟ್ಟಗೆ ಎತ್ತಿ ಹಿಡಿದು, ಓಡಿ, ಪಲ್ಟಿ ಹೊಡೆಯುವಂತೆ ಎಸೆಯಬೇಕು. ಎಷ್ಟು ದೂರ ಹೋಯಿತು ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ನೇರವಾಗಿ ಬಿತ್ತು ಎಂಬುದನ್ನೇ ನೋಡುತ್ತಾರೆ.