ಶೇಂಗಾ ಆಗಿಬರದ ಹುಡುಗಿ ಎಲ್ಲಿ ಕೂತು ಉಣ್ಣಬೇಕು?

ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯರು ಬರೆದ ಪತ್ರದ ಸಾರ: “ನಮ್ಮಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನಾಗರಪಂಚಮಿಯ ಮರುದಿನ ಗೆಳತಿ ಕೊಟ್ಟ ಶೇಂಗಾ ಉಂಡಿ ತಿಂದಳು. ಸ್ವಲ್ಪ ಹೊತ್ತಿನಲ್ಲೇ ಮೈತುಂಬ ಗಂಧೆ ಎದ್ದು, ತುಟಿ ಊದಿ, ಉಸಿರಿಗೆ ಒದ್ದಾಡಿದಳು. ಆಸ್ಪತ್ರೆಗೆ ಒಯ್ದದ್ದರಿಂದ ಉಳಿದಳು. ಶಾಲೆಯೊಳಗೆ ಶೇಂಗಾ ಬರಲೇಬಾರದೆಂದು ಆಕೆಯ ತಂದೆ ಪಟ್ಟು ಹಿಡಿದಿದ್ದಾರೆ. ಒಬ್ಬಳಿಗಾಗಿ ಇನ್ನೂರು ಮಕ್ಕಳ ಬಾಯಿ ಕಟ್ಟಲಾದೀತೇ ಎಂದು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ಕೇಳುತ್ತಾರೆ. ಸದ್ಯಕ್ಕೆ ಊಟದ ಹೊತ್ತಿಗೆ ಅವಳನ್ನು ನನ್ನ ಕೊಠಡಿಯಲ್ಲಿ ಕೂರಿಸುತ್ತಿದ್ದೇನೆ. ಇದು ಸರಿಯೇ?”

ಮಾನ್ಯರೇ, ಶರಣು.

ತಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ: ಸರಿಯಲ್ಲ. ತಾವು ಕಾಳಜಿಯಿಂದಲೇ ಹಾಗೆ ಮಾಡಿದ್ದೀರೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಪ್ಪು ಮಾಡಿದ ಮಕ್ಕಳನ್ನು ಕರೆಸುವ ಕೊಠಡಿಯಲ್ಲಿ ದಿನವೂ ಒಬ್ಬಳೇ ಕೂತು ಉಣ್ಣುವ ಹುಡುಗಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಶರಣಬಸವೇಶ್ವರರ ದಾಸೋಹವನ್ನು ಇಂದಿಗೂ ನೆನೆಯುವ ಈ ಜಿಲ್ಲೆಯಲ್ಲಿ, ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದೇ ಹೆಸರಿಟ್ಟು 2002ರಲ್ಲಿ ನಮ್ಮ ಭಾಗದ ಜಿಲ್ಲೆಗಳಿಂದಲೇ ಅದನ್ನು ಆರಂಭಿಸಿರುವಾಗ, ಮಗುವೊಂದನ್ನು ಪಂಕ್ತಿಯಿಂದ ಎಬ್ಬಿಸುವುದು ಎಂತಹದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಅದು ಹಾಗಿರಲಿ, ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತಾವು ತರಗತಿಗೆ ಹೋದಾಗ ಆ ಕೊಠಡಿಯಲ್ಲಿ ಅವಳ ಗಂಟಲು ಕಟ್ಟಿದರೆ ನೋಡುವವರು ಯಾರು? ಗೆಳತಿಯರ ನಡುವೆ ಕೂತಿದ್ದರೆ ಹತ್ತು ಕಣ್ಣುಗಳು ಅವಳ ಮೇಲಿರುತ್ತವೆ.

ಇನ್ನು ತಂದೆಯವರ ಬೇಡಿಕೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೂ ಶೇಂಗಾವನ್ನು ಪೂರ್ತಿ ನಿಷೇಧಿಸುವುದನ್ನು ನಾನು ಒಪ್ಪಲಾರೆ. ಅಪೌಷ್ಟಿಕತೆ ಹೆಚ್ಚೆಂಬ ಕಾರಣಕ್ಕೆ 2021ರಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿದಂತೆ ಕೆಲವೇ ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಮೊಟ್ಟೆ ಕೊಡಲು ಆರಂಭಿಸಿದ ಸೀಮೆ ನಮ್ಮದು. ಇಲ್ಲಿ ಬಡವರ ಮನೆಯ ಮಗುವಿಗೆ ರೊಟ್ಟಿಯೊಂದಿಗೆ ಸಿಗುವ ಶೇಂಗಾ ಹಿಂಡಿ ಬರೀ ರುಚಿಯ ವಸ್ತುವಲ್ಲ. ಮೇಲಾಗಿ ನಿಷೇಧದ ಫಲಕ ತೂಗಿದ ದಿನದಿಂದ ಎಲ್ಲರೂ ನಿಶ್ಚಿಂತರಾಗುತ್ತಾರೆ, ಉಂಡಿ ಮಾತ್ರ ಕಿಸೆಯಲ್ಲಿ ಬಂದೇ ಬರುತ್ತದೆ. ಪಕ್ಕದವಳು ಶೇಂಗಾ ತಿಂದ ವಾಸನೆಗೇ ಸಾಮಾನ್ಯವಾಗಿ ಇಂತಹ ಅಪಾಯವಾಗುವುದಿಲ್ಲ. ಪದಾರ್ಥ ಹೊಟ್ಟೆಗೆ ಸೇರುವುದನ್ನು ತಡೆಯಬೇಕು.

ಆದ್ದರಿಂದ ಮೊದಲು ಮಾತಾಡಬೇಕಾದದ್ದು ಅಡುಗೆಯವರೊಂದಿಗೆ. ಬಡಿಸುವ ಮೊದಲು ಶಿಕ್ಷಕರು ಊಟದ ರುಚಿ ನೋಡಬೇಕೆಂಬ ನಿಯಮವಿದೆಯಷ್ಟೇ. ಆದರೆ ಅದು ಕೆಟ್ಟ ಅನ್ನವನ್ನು ಹಿಡಿಯುವ ಪರೀಕ್ಷೆ. ಅಲರ್ಜಿ ಮಾಡುವುದು ಒಳ್ಳೆಯ ಅನ್ನವೇ, ಅದು ನಾಲಿಗೆಗೆ ತಿಳಿಯುವುದಿಲ್ಲ. ಶೇಂಗಾದ ಪ್ರೋಟೀನನ್ನು ಆಕೆಯ ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ತಿಳಿದು ಮೇಲೆ ಬೀಳುತ್ತದೆ, ಅದಕ್ಕೆ ಒಂದು ಚಿಟಿಕೆ ಪುಡಿಯೂ ಸಾಕಾಗಬಹುದು. ಹುರಿದರೆ ದೋಷ ಹೋಗುತ್ತದೆಂಬ ಮಾತನ್ನು ನಂಬಬೇಡಿ, ಹೋಗುವುದಿಲ್ಲ. ಗಾಣದ ಶೇಂಗಾ ಎಣ್ಣೆಯಲ್ಲಿಯೂ ಆ ಪ್ರೋಟೀನ್ ಉಳಿದಿರುತ್ತದೆ. ಚಿತ್ರಾನ್ನಕ್ಕೆ ಶೇಂಗಾ ಹಾಕುವ ದಿನ, ಹಾಕುವ ಮೊದಲೇ ಆಕೆಯ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಟ್ಟು, ಬೇರೆ ಸವುಟಿನಿಂದ ಬಡಿಸಲಿ. ಬಡಿಸಿದ ಮೇಲೆ ಶೇಂಗಾ ಆರಿಸಿ ತೆಗೆದರೆ ಪ್ರಯೋಜನವಿಲ್ಲ. ಮಕ್ಕಳು ಉಣ್ಣುವ ಮೊದಲೂ ಉಂಡ ಮೇಲೂ ಸೋಪು ಹಚ್ಚಿ ಕೈ ತೊಳೆಯಲಿ. ಸ್ಯಾನಿಟೈಸರ್ ಈ ಪ್ರೋಟೀನನ್ನು ತೆಗೆಯುವುದಿಲ್ಲ. ಇಷ್ಟಕ್ಕೆ ಬೇಕಾದದ್ದು ಒಂದು ಮುಚ್ಚಳದ ಡಬ್ಬಿ ಮತ್ತು ಒಂದು ಸವುಟು. ಸವುಟು ಬೇರೆಯಾದರೂ ಅವಳ ಜಾಗ ಪಂಕ್ತಿಯಲ್ಲೇ ಇರಲಿ. ಪೊಟ್ಟಣದ ತಿಂಡಿಯಾದರೆ ಹಿಂಬದಿಯನ್ನು ಓದಿ: ಶೇಂಗಾ, ಹಾಲು, ಮೊಟ್ಟೆ, ಸೋಯಾ ಮುಂತಾದವು ಇದ್ದರೆ ನಮೂದಿಸಲೇಬೇಕೆಂದು 2020ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ.

ಎಷ್ಟೇ ಎಚ್ಚರ ವಹಿಸಿದರೂ ಒಂದು ದಿನ ತಪ್ಪಬಹುದು, ಶಾಲೆ ನಿಜವಾಗಿ ಸಿದ್ಧವಾಗಬೇಕಾದದ್ದು ಆ ದಿನಕ್ಕೆ. ನಮ್ಮ ಕಡೆ ಗಂಧೆ ಎದ್ದರೆ ಪಿತ್ತವೆಂದು ಸುಮ್ಮನಾಗುವುದು ರೂಢಿ. ಬರೀ ಗಂಧೆಯಾದರೆ ಕಾದು ನೋಡಬಹುದೇನೋ. ಆದರೆ ಶೇಂಗಾ ಹೊಟ್ಟೆಗೆ ಹೋದ ಮೇಲೆ ಗಂಧೆಯ ಜೊತೆಗೆ ದನಿ ಬದಲಾದರೆ, ಎದೆಯಲ್ಲಿ ಸುಯ್ಯೆಂದರೆ, ಮತ್ತೆ ಮತ್ತೆ ವಾಂತಿಯಾದರೆ ಅಥವಾ ಮಗು ಸುಸ್ತಾಗಿ ಕುಸಿದರೆ, ಅದನ್ನು ವೈದ್ಯರು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಅದಕ್ಕೆ ಮೊದಲ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ ತುರಿಕೆಯನ್ನು ಇಳಿಸುತ್ತದೆ, ಮುಚ್ಚುತ್ತಿರುವ ಉಸಿರುನಾಳವನ್ನು ತೆರೆಯುವುದಿಲ್ಲ. ಮಾತ್ರೆ ನುಂಗಿಸಿ ಕಾಯುತ್ತ ಕೂರುವುದರಲ್ಲಿಯೇ ಅಪಾಯವಿದೆ. ಹೊರದೇಶಗಳ ಶಾಲೆಗಳಲ್ಲಿ ಒತ್ತಿದರೆ ಸಾಕು ಎನ್ನುವಂತಹ ಸಿದ್ಧ ಸಿರಿಂಜುಗಳಿವೆ, ನಮ್ಮಲ್ಲಿ ಅವು ಸುಲಭವಾಗಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಆದರೆ ಅಡ್ರಿನಲಿನ್ ದುಬಾರಿ ಮದ್ದಲ್ಲ. ಊರಿಗೆ ಲಸಿಕೆ ಹಾಕಲು ಬರುವ ಸಿಸ್ಟರ್ ತರುವ ಕಿಟ್‌ನಲ್ಲಿ ಅದು ಇರುತ್ತದೆ, ಲಸಿಕೆಯಿಂದ ಇಂತಹ ತೊಂದರೆಯಾದರೆ ಮೊದಲ ಡೋಸ್ ಕೊಡುವ ತರಬೇತಿಯೂ ಅವರಿಗಿರುತ್ತದೆ. ಹಾಗಾಗಿ ತಾವು ತಂದೆಯವರನ್ನು ಕರೆದುಕೊಂಡು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಈ ವಾರವೇ ಕಾಣಿರಿ. ಯಾವ ಹೊತ್ತಿಗೆ ಯಾರಿರುತ್ತಾರೆ, ಮದ್ದು ಎಲ್ಲಿರುತ್ತದೆ, ಶಾಲೆಯಲ್ಲೇ ಇಡಬಹುದೇ, ಇಟ್ಟರೆ ಕೊಡುವವರು ಯಾರು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ತರಬೇತಿಯಿಲ್ಲದ ಶಿಕ್ಷಕರು ತಾವಾಗಿ ಸೂಜಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಅಂತಹ ಹೊತ್ತಿನಲ್ಲಿ ಮಗುವನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ, ಮಲಗಿದರೆ ಉಸಿರು ಕಟ್ಟುವಂತಿದ್ದರೆ ಒರಗಿಸಿ ಕೂರಿಸಿ. ನಡೆಸಬೇಡಿ, ಬೈಕಿನ ಮೇಲೆ ಕೂರಿಸಿ ಒಯ್ಯಬೇಡಿ. 108ಕ್ಕೆ ಕರೆ ಮಾಡಿ. ಕಲಬುರಗಿಯ ದೊಡ್ಡ ಆಸ್ಪತ್ರೆಗೇ ಹೋಗೋಣವೆನ್ನುವ ಹಟ ಬೇಡ, ಅಡ್ರಿನಲಿನ್ ಇರುವ ಹತ್ತಿರದ ಜಾಗಕ್ಕೆ ಮೊದಲು ಮುಟ್ಟಿಸಿ. ಚೇತರಿಸಿಕೊಂಡಳೆಂದು ಕೂಡಲೇ ಮನೆಗೆ ಕಳಿಸಬಾರದು, ಕೆಲವು ಗಂಟೆಗಳ ಮೇಲೆ ಅದೇ ತೊಂದರೆ ಮರುಕಳಿಸುವುದುಂಟು.

ಎಸ್‌ಡಿಎಂಸಿಯವರಿಗೆ ಇಷ್ಟು ಹೇಳಿ: ಯಾರ ಬಾಯಿಯನ್ನೂ ಕಟ್ಟುವ ಮಾತು ಇಲ್ಲಿಲ್ಲ. ತರಗತಿಯ ಮಕ್ಕಳಿಗೂ ಗುಟ್ಟು ಮಾಡದೆ ತಿಳಿಸಿ. ಪಂಚಮಿ, ಎಳ್ಳು ಅಮಾವಾಸ್ಯೆಗಳ ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. ಉಂಡಿ ಕೊಟ್ಟ ಗೆಳತಿಯನ್ನು ಯಾರೂ ಗದರಿಸದಂತೆ ನೋಡಿಕೊಳ್ಳಿ. ಅವಳು ಕೊಟ್ಟದ್ದು ಪ್ರೀತಿಯಿಂದ.

ವೈದ್ಯರು ಬರೆದುಕೊಡುವ ಕಾಗದದಲ್ಲಿ ಹುಡುಗಿಯ ತೂಕವನ್ನು ಮರೆಯದೆ ಬರೆಸಿ. ಅಡ್ರಿನಲಿನ್ ಪ್ರಮಾಣವನ್ನು ತೂಕ ನೋಡಿಯೇ ನಿರ್ಧರಿಸುತ್ತಾರೆ, ಬೆಳೆಯುವ ಮಕ್ಕಳ ತೂಕ ವರ್ಷಕ್ಕೆ ವರ್ಷ ಬದಲಾಗುತ್ತದೆ. ಪ್ರತಿ ಜೂನ್‌ನಲ್ಲಿ ಶಾಲೆ ತೆರೆದಾಗ ಅದನ್ನು ತಿದ್ದಿಸಿ, ಒಂದು ಪ್ರತಿಯನ್ನು ತಮ್ಮ ಕೊಠಡಿಯ ಗೋಡೆಗಲ್ಲ, ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿ.