ಥೈಮೋಮಾ ಅಂದಿದ್ದಾರೆ, ಅಪ್ಪ ಎಷ್ಟು ವರ್ಷ ಬದುಕುತ್ತಾರೆ?

ಚಿಂತಾಮಣಿಯಲ್ಲಿರುವ ನಿಮ್ಮ ತಂದೆಗೆ 54 ವರ್ಷ. ಕೆಮ್ಮಿಗೆ ಎಕ್ಸ್‌ರೇ ತೆಗೆಸಿದಾಗ ಎದೆಮೂಳೆಯ ಹಿಂದೆ ಗೆಡ್ಡೆ ಕಂಡಿದೆ, ಸಿಟಿ ಸ್ಕ್ಯಾನ್ ನೋಡಿ ಥೈಮೋಮಾ, ಅಂದರೆ ಅಲ್ಲಿರುವ ಥೈಮಸ್ ಗ್ರಂಥಿಯ ಗೆಡ್ಡೆ, ಇರಬಹುದು ಅಂದಿದ್ದಾರೆ. ಎಷ್ಟು ವರ್ಷ ಅಂತ ಕೇಳಿದರೆ ಡಾಕ್ಟರ್ ಏನೂ ಹೇಳುತ್ತಿಲ್ಲ ಅಂತ ಬರೆದಿದ್ದೀರಿ.

ನಾವು ಕೋಲಾರದವರು, ನಮ್ಮ ಚಿಕ್ಕಪ್ಪನಿಗೂ ಇದೇ ಆಗಿತ್ತು. ಡಾಕ್ಟರ್ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಬೇಡಿ. ಗೆಡ್ಡೆ ತನ್ನ ಪೊರೆಯ ಒಳಗೇ ಇದೆಯಾ, ಸುತ್ತಲಿನ ಕೊಬ್ಬಿಗೆ ಹೋಗಿದೆಯಾ, ಶ್ವಾಸಕೋಶಕ್ಕೋ ದೊಡ್ಡ ರಕ್ತನಾಳಕ್ಕೋ ಅಂಟಿದೆಯಾ ಅನ್ನುವುದು ಆಪರೇಷನ್ ಆಗಿ, ತೆಗೆದ ಗೆಡ್ಡೆಯನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಪೆಥಾಲಜಿ ರಿಪೋರ್ಟ್ ಬಂದ ಮೇಲೇ ಖಚಿತವಾಗುವುದು. ಸ್ಟೇಜ್ ಅಂದರೆ ಅದೇ.

ಇದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ. ಹೆಚ್ಚಾಗಿ 40 ದಾಟಿದವರಿಗೆ, ಗಂಡಸರು ಹೆಂಗಸರು ಅನ್ನದೆ ಬರುತ್ತದೆ. ಬೆಳೆಯುವುದು ನಿಧಾನ. ಮೊದಲ ಎರಡು ಸ್ಟೇಜ್‌ನಲ್ಲಿ ಪೂರ್ತಿ ತೆಗೆದರೆ ಹತ್ತು ವರ್ಷದ ನಂತರವೂ ಹೆಚ್ಚಿನವರು ಬದುಕಿರುತ್ತಾರೆ. ಚೂರೂ ಉಳಿಯದಂತೆ ತೆಗೆದರಾ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ರಿಪೋರ್ಟ್‌ನಲ್ಲಿ ಎ, ಎಬಿ, ಬಿ1, ಬಿ2, ಬಿ3 ಅಂತ ಟೈಪ್ ಬರೆದಿರುತ್ತಾರೆ. ಎ, ಎಬಿ ಸಾಮಾನ್ಯವಾಗಿ ಸೌಮ್ಯ, ಬಿ3 ಸ್ವಲ್ಪ ಜೋರು. ಥೈಮಿಕ್ ಕಾರ್ಸಿನೋಮಾ, ಅಂದರೆ ಅದೇ ಗ್ರಂಥಿಯ ಇನ್ನೂ ಜೋರಾದ ಕ್ಯಾನ್ಸರ್, ಅಂತ ಬಂದರೆ ಮಾತು ಬೇರೆ. ಅದರಲ್ಲಿ ಐದು ವರ್ಷ ದಾಟುವವರು ಸುಮಾರು ಅರ್ಧದಷ್ಟು ಜನ.

ಈಗ ನೀವು ಕೇಳಲೇಬೇಕಾದ್ದು ಇನ್ನೊಂದಿದೆ: ಮಯಸ್ತೇನಿಯಾ ಗ್ರೇವಿಸ್, ಅಂದರೆ ಸ್ನಾಯುಗಳ ಶಕ್ತಿ ಕುಂದುವ ಕಾಯಿಲೆ. ಥೈಮೋಮಾ ಬಂದವರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಇದು ಇರುತ್ತದೆ. ದೇಹವೇ ತಯಾರಿಸುವ ಆಂಟಿಬಾಡಿ ಸ್ನಾಯುಗಳಿಗೆ ಸಂದೇಶ ಹೋಗದಂತೆ ತಡೆಯುತ್ತದೆ. ನಮ್ಮ ಚಿಕ್ಕಪ್ಪನಿಗೆ ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ಸಂಜೆಯಾದರೆ ರೆಪ್ಪೆ ಜೋತು ಬೀಳುತ್ತಿತ್ತು, ಮುದ್ದೆ ನುಂಗೋಕೂ ಒದ್ದಾಡುತ್ತಿದ್ದರು. ಮನೆಯಲ್ಲಿ ಎಲ್ಲರೂ ವಯಸ್ಸಾಯ್ತು, ಸುಸ್ತು ಅಂದುಕೊಂಡಿದ್ದರು. ನಿಮ್ಮ ತಂದೆಗೆ ಇಂಥ ಲಕ್ಷಣ ಇಲ್ಲದಿದ್ದರೂ ಆಪರೇಷನ್‌ಗೆ ಮುಂಚೆ ಅಸೆಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ. ಇದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಆಮೇಲೆ ಉಸಿರಾಟಕ್ಕೇ ಕಷ್ಟವಾಗಬಹುದು. ಇದೆ ಅಂತ ಬಂದರೂ ಧೈರ್ಯ ಬಿಡಬೇಡಿ, ಔಷಧಿ ಇದೆ. ಆದರೆ ಸಿಪ್ರೋಫ್ಲಾಕ್ಸಾಸಿನ್, ಅಜಿತ್ರೋಮೈಸಿನ್ ಥರದ ಆಂಟಿಬಯಾಟಿಕ್ ಮಾತ್ರೆ ಆ ಕಾಯಿಲೆಯನ್ನು ಜಾಸ್ತಿ ಮಾಡಬಹುದು. ಜ್ವರ ಕೆಮ್ಮು ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಸುಮ್ನೆ ಮಾತ್ರೆ ತಗೊಳ್ಳೋದು ನಿಲ್ಲಬೇಕು.

ಆಪರೇಷನ್ ಆದ ಮೇಲೂ ಸ್ಕ್ಯಾನ್ ಬಿಡಬೇಡಿ. ಥೈಮೋಮಾ ಹತ್ತು ವರ್ಷ ಕಳೆದ ಮೇಲೂ ಮರುಕಳಿಸಬಹುದು, ಹೆಚ್ಚಾಗಿ ಶ್ವಾಸಕೋಶದ ಹೊದಿಕೆಯಲ್ಲಿ. ಹಳೆಯ ಸಿಡಿ, ರಿಪೋರ್ಟ್ ಎಲ್ಲಾ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಪೆಥಾಲಜಿ ರಿಪೋರ್ಟ್ ಬಂದಾಗ ಟೈಪ್, ಸ್ಟೇಜ್ ಇಲ್ಲೇ ಬರೆಯಿರಿ. ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತ ಕೂತು ಬರೆದುಕೊಡುತ್ತೇನೆ.